ದಂಡೆಯಲ್ಲಿ ಬಿಟ್ಟ ನೆರಳು

ಏಳು ಮಡುವಿನ ಮೀನೆಲ್ಲಾ ನಿದ್ದೆ ಮಾಡಿದರೆ ಎಂಟನೇ ಮಡುವಿನಲ್ಲಿ ಎಚ್ಚರ ಇರೋರು ಯಾರು? ತಲೆ ಕೆರ್ಕೊಳ್ಳಿ. ನಂಗೂ ಗೊತ್ತಿಲ್ಲ.

ಹೊಳೆದಂಡೆಯ ಹುಲಿಗೆವ್ವನಿಗೆ ಒಬ್ಬ ಮಗ, ದುರುಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡ್ತಾನೆ, ಅದೇ ಅವಳ ಕರ್ಮ. ಮಗಳು ಯಂಕಿ ಬಾಣಂತಿ. ಎದೆಯಲ್ಲಿ ಹಾಲಿಲ್ಲ, ಕೂಸಿನ ಅಳು ನಿಲ್ಲಲ್ಲ. ಮೀನಿನ ಸಾರು ಕುಡಿದರೇ ಹಾಲು.

ಚಳಿಗಾಲದ ಮುಂಜಾನೆ ದುರುಗ ಬಲೆ ಬೀಸಿದ. ಬರೀ ಬಲೆ ಬಂತು. ಹುಲಿಗೆವ್ವ ಹಣೆ ಚಚ್ಚಿಕೊಂಡಳು.

“ಅಯ್ಯೋ ಹುಚ್ಚಪ್ಪ! ನೀರು ಥಣ್ಣಗಿದ್ರ ಮೀನು ತಳಾ ಹಿಡಿದು ಮಲಗ್ತಾವ. ನೀರು ಬೆಚ್ಚಗಾದ ಮ್ಯಾಲೆ ಬಲಿ ಬೀಸು!”

“ಆತು ಬಿಡಬೇ.”

ಮರುದಿನ ದಂಡೆಯಲ್ಲಿ ಮೂರು ಕಲ್ಲು ಹೂಡಿ, ಹೊಳೆನೀರು ಕಾಯಿಸಿ, ಕುದಿಯೋ ಗಡಿಗೆಗೇ ಬಲೆ ಬೀಸಿದ! ಬಲೆ ಬೆಂಕಿಗೆ ಬಿತ್ತು. ಕೂಸು ಅಳ್ತಾನೇ ಇತ್ತು.

“ನಿನ್ನ ಬಾಯಾಗ ಮಣ್ಣು ಹಾಕ! ಒಲಿ ಹೂಡು ಅಂದ್ನ್ಯಾ? ಬಿಸಲು ಕಾಯಿಸ್ತದೋ! ಮಧ್ಯಾಹ್ನ ಬಿಸಲಾಗ ನಿಂತು ಗಾಳ ಹಾಕು!”

ನಿಂತ. ಸಂಜೆವರೆಗೂ ನಿಂತ. ಬರಿಗೈಲಿ ಬಂದ.

“ಯವ್ವಾ, ಮೀನು ಮ್ಯಾಲೆ ಬರ್ತಾವ, ನನ್ನ ನೆರಳು ಕಂಡು ಓಡ್ತಾವ.”

“ಚಳಿಗಾಲದ ನೀರು ಕನ್ನಡಿ ಇದ್ದಂಗ, ಎಲ್ಲಾ ಕಾಣ್ತದ. ನೆರಳು ನೀರಿಗೆ ಬಿಡಬಾರದೋ ಪೆದ್ದ, ದಂಡಿ ಮ್ಯಾಲೇ ಬಿಡಬೇಕು!”

“ಆತು ಬಿಡಬೇ.”

ಮರುದಿನ ಮಧ್ಯಾಹ್ನ ನೆರಳಿನ ತಲೆಯ ಮೇಲೊಂದು ಕಲ್ಲು ಹೇರಿದ. “ಇಲ್ಲೇ ಬಿದ್ದಿರು” ಅಂದ. ನೀರಿಗಿಳಿದ. ಅಲ್ಲಿ ಯಾರೂ ಇಲ್ಲವೇನೋ ಅನ್ನೋ ಹಾಗೆ ಮೀನು ಅವನ ಕಾಲಿಗೇ ಮುತ್ತಿದವು. ಬುಟ್ಟಿ ತುಂಬಿ ಹೊತ್ತು ಹೊರಟ.

ಅಂಗಳದಲ್ಲಿ ಹುಲಿಗೆವ್ವ ನೆಲ ನೋಡಿದಳು. ಬುಟ್ಟಿಯ ನೆರಳು ಬರ್ತಾ ಇದೆ. ಹೊತ್ತವನದಿಲ್ಲ. ನಾಯಿ ಕುಂಯ್ ಅಂತ ಕಟ್ಟೆ ಕೆಳಗೆ ಸೇರಿತು.

“ಲೇ... ನಿನ್ನ ನೆರಳೆಲ್ಲಿ?”

“ನೀನ ದಂಡಿ ಮ್ಯಾಲೆ ಬಿಡು ಅಂದಿದ್ದಿ!”

“ಓಡು! ನೆರಳು ತರೂತನಕ ಹೊಸ್ತಿಲು ತುಳೀಬ್ಯಾಡ!”

ಓಡಿದ. ಇತ್ತ ಸಾರು ಕುದಿಯಿತು, ಯಂಕಿ ಕುಡಿದಳು, ಎದೆ ತುಂಬಿತು. ಕೂಸು ಹೊಟ್ಟೆ ತುಂಬಿಸಿಕೊಂಡು ತೊಟ್ಟಿಲಲ್ಲಿ ಮಲಗಿತು.

ದೀಪ ಹಚ್ಚೋ ಹೊತ್ತಿಗೆ ದುರುಗ ಬಂದ. ಗೋಡೆಯ ಮೇಲೆ ನೆರಳೂ ಬಂತು. ಉದ್ದದ್ದು. ಜಡೆ ಇದ್ದದ್ದು. ಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಇದ್ಯಾರದೋ?”

“ನಂದು ಬಿಸಲಿಗೆ ಒಣಗಿ ಗೇಣುದ್ದ ಆಗಿತ್ತಬೇ. ಪಕ್ಕದಾಗ, ಮಡುವಿನಿಂದ ಎದ್ದು ಬಂದಂಗ, ಹಸೀದೊಂದು ಬಿದ್ದಿತ್ತು. ನಂದು ಕೊಟ್ಟು ಬದಲಿ ಮಾಡ್ಕೊಂಡು ಬಂದೆ. ಕೂಸು ಎಲ್ಲೈತಿ ಅಂತ ಕೇಳ್ತು, ಹೇಳೀನಿ.”

ನೆರಳು ತೊಟ್ಟಿಲ ಮೇಲೆ ಬಾಗಿತು.

“ದೀಪ ಆರಿಸೋ! ದೀಪ ಆರಿದ್ರ ನೆರಳು ಇರೂದಿಲ್ಲ!”

ಉಫ್! ಆರಿಸಿದ. ಕತ್ತಲೋ ಕತ್ತಲು. ತೊಟ್ಟಿಲು ತೂಗೋ ಸದ್ದು ಮಾತ್ರ ನಿಲ್ಲಲಿಲ್ಲ.

“ಯವ್ವಾ,” ಅಂದ ದುರುಗ, “ಈಗ ಅದು ಮನಿ ತುಂಬಾ ಆತಲ್ಲ!”

ಬೆಳಗಾದಾಗ ಕೂಸು ತೊಟ್ಟಿಲಲ್ಲೇ ನಗ್ತಾ ಇತ್ತು. ಈ ಕೊನೇ ಮಾತು ಮಾತ್ರ ನಾನೇ ಕಟ್ಟಿದ್ದು. ನೀವು ನಿದ್ದೆ ಮಾಡಬೇಕಲ್ಲ.