ಹ್ಯಾಷ್ ಹಾಕಿದ ಸಾಲು

ಕ್ಲೌಡ್‌ನಲ್ಲಿ ಒಂದು ಉಗ್ರಾಣವಿತ್ತು. ಆಸ್ಪತ್ರೆಯೊಂದರ ಎಕ್ಸ್‌ರೇ ಚಿತ್ರಗಳು ಅಲ್ಲಿಗೆ ಬಂದು ಬೀಳುತ್ತಿದ್ದವು. ಚಿತ್ರ ಬಿದ್ದಾಗಲೆಲ್ಲ ಫಂಕ್ಷನ್ ಎಂಬ ಒಂದು ಪುಟ್ಟ ಪ್ರೋಗ್ರಾಂ ಎದ್ದು, ಅದನ್ನು ಹೊರತೆಗೆದು ಸ್ಪಷ್ಟಗೊಳಿಸಿ ವೈದ್ಯರಿಗೆ ಕಳಿಸಿ, ಮತ್ತೆ ಮಲಗುತ್ತಿತ್ತು. ವರ್ಷವಿಡೀ ಒಂದು ದಿನವೂ ತಪ್ಪಲಿಲ್ಲ.

ಒಂದು ಬೆಳಿಗ್ಗೆ ಇಂಜಿನಿಯರ್ ಫಿಲೋಮಿನಾ ಈ ವ್ಯವಸ್ಥೆಯ ಹೊಸ ಆವೃತ್ತಿಯನ್ನು ಡಿಪ್ಲಾಯ್ ಮಾಡಿ ಚಾಲನೆಗೆ ತಂದಳು. ಅದಕ್ಕಾಗಿ ಅವಳು ಬರೆದಿಟ್ಟಿದ್ದ ಆದೇಶಗಳ ಕಡತ, ಸ್ಕ್ರಿಪ್ಟ್, ಹಳೆಯದನ್ನು ಅಳಿಸಿ ತನ್ನಲ್ಲಿ ಬರೆದಿದ್ದಂತೆಯೇ ಎಲ್ಲವನ್ನೂ ಹೊಸದಾಗಿ ಕಟ್ಟಿ ನಿಲ್ಲಿಸಿತು. ಚಿತ್ರ ಬಿತ್ತು. ಫಂಕ್ಷನ್ ಎದ್ದು ಬಂತು. ಉಗ್ರಾಣ ಬಾಗಿಲು ತೆರೆಯಲಿಲ್ಲ.

"ನನ್ನ ಗುರುತು ಸಿಗಲಿಲ್ಲವೇ?" ಎಂದಿತು ಫಂಕ್ಷನ್.

"ಸಿಕ್ಕಿತು. ಆದರೆ ಇಂದು ಬಂದ ಹೊಸ ಪಟ್ಟಿಯಲ್ಲಿ ನಿನಗೆ ಅನುಮತಿಯಿಲ್ಲ," ಎಂದಿತು ಉಗ್ರಾಣ.

ಮಧ್ಯಾಹ್ನದ ಹೊತ್ತಿಗೆ ನಲವತ್ತು ಚಿತ್ರಗಳು ಹಾಗೇ ಬಿದ್ದಿದ್ದವು. ಆಸ್ಪತ್ರೆಯಿಂದ ಫೋನ್ ಬಂತು: "ಮೇಡಂ, ಪೇಷಂಟ್ ಆಪರೇಷನ್ ಟೇಬಲ್ ಮೇಲಿದ್ದಾರೆ. ಎಕ್ಸ್‌ರೇ ಎಲ್ಲಿ?"

ಫಿಲೋಮಿನಾ ಸ್ಕ್ರಿಪ್ಟ್ ತೆರೆದು ಗದರಿದಳು: "ಫಂಕ್ಷನ್ನಿನ ಅನುಮತಿ ಯಾಕೆ ಕಿತ್ತುಹಾಕಿದೆ? ಹೋದ ವರ್ಷ ನಾನೇ ಕೈಯಾರೆ ಕೊಟ್ಟಿದ್ದೆ!"

"ಕೊಟ್ಟಿರಿ, ಆದರೆ ನನ್ನಲ್ಲಿ ಬರೆಯಲಿಲ್ಲ," ಎಂದಿತು ಸ್ಕ್ರಿಪ್ಟ್. "ಬರೆಯದ್ದು ನನಗೆ ಕಾಣುವುದಿಲ್ಲ."

"ಬರೆದಿದ್ದೇನೆ, ಇಗೋ ನೋಡು!" ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು: "# ಅನುಮತಿ ಸದ್ಯಕ್ಕೆ ಕೈಯಲ್ಲೇ ಕೊಟ್ಟಿದೆ. ನಾಳೆ ಇಲ್ಲಿ ಸೇರಿಸಬೇಕು."

"ಶುರುವಿಗೇ # ಅಂತ ಹ್ಯಾಷ್ ಗುರುತು ಹಾಕಿದ ಸಾಲನ್ನು ನಾನು ಓದುವುದಿಲ್ಲ ಮೇಡಂ," ಎಂದಿತು ಸ್ಕ್ರಿಪ್ಟ್. "ಅದು ನೀವು ನಿಮಗೇ ಬರೆದುಕೊಂಡದ್ದು."