ಕಂಬಳಿ ತಿಂದವರು ಯಾರು?

ಮಕ್ಕಳೇ, ಕಾಡಿನಂಚಿನ ಒಂದು ಮನೆಯ ಅಟ್ಟದಲ್ಲಿ ಮರದ ಪೆಟ್ಟಿಗೆಯಿತ್ತು. ಅದರೊಳಗೆ ಮಡಚಿಟ್ಟ ಉಣ್ಣೆಯ ಕಂಬಳಿ. ಸಿಂಗಾರಿ ಎಂಬ ಇಲಿ ಅದರ ಮೇಲಿನ ಮಡಿಕೆಯಲ್ಲಿ ವಾಸವಾಗಿತ್ತು. ಮಾಗಿಯ ಚಳಿಯಲ್ಲಿ ಮರಿ ಹಾಕುವವಳು ಅವಳು. ಬರಿಮೈಯ ಮರಿಗಳು ಉಳಿಯಬೇಕಾದರೆ ಆ ಕಂಬಳಿ ಬೇಕೇ ಬೇಕು.

ಅದಕ್ಕೇ ಯಾರು ಜಾಗ ಕೇಳಿ ಬಂದರೂ ಸಿಂಗಾರಿ ಮೊದಲು ಅವರ ಬಾಯಿ ಮೂಸುತ್ತಿದ್ದಳು. ಉಣ್ಣೆಯ ವಾಸನೆ ಬಂತೋ, ನಡಿ ಆಚೆ. ತನ್ನಂಥ ಮೂಗು ಊರಲ್ಲೇ ಇಲ್ಲ ಅಂತ ಅವಳಿಗೆ ಭಾರೀ ಜಂಬ.

ಮಳೆಗಾಲ ಮುಗಿಯುವ ಹೊತ್ತಿಗೆ ಎಳ್ಳುಕಾಳಿನಷ್ಟೇ ದೊಡ್ಡ, ದುಂಡನೆಯ, ಚುಕ್ಕೆಚುಕ್ಕೆ ಜೀರುಂಡೆಯೊಂದು ಕಿಟಕಿಯಿಂದ ಬಂತು. ಮೊಟ್ಟೆಯಿಡಲು ಒಂದು ಮೂಲೆ ಕೊಡಿ ಅಂತ ಬೇಡಿತು. ಸಿಂಗಾರಿ ಮೂಸಿದಳು. ಬರೀ ಹೂವಿನ ಪರಾಗ! ಪಾಪ ಅನ್ನಿಸಿ ಬಿಟ್ಟುಕೊಂಡಳು. ಜೀರುಂಡೆ ಮೊಟ್ಟೆಯಿಟ್ಟು ಹಾರಿಹೋಯಿತು.

ಕೆಲವು ವಾರ ಕಳೆದವು. ಗೋಡೆಯ ಮೇಲಿನ ಹಲ್ಲಿ ಗೌರಕ್ಕ ಕರೆದಳು. "ಸಿಂಗಾರಿ, ಕೆಳಗಿನ ಮಡಿಕೆಯಲ್ಲಿ ಏನೋ ಹರಿದಾಡ್ತಿದೆ. ಸ್ವಲ್ಪ ಬಗ್ಗಿ ನೋಡು."

ಮೂಸಿಯೇ ಬಿಟ್ಟುಕೊಂಡಿದ್ದೇನೆ, ನೋಡುವುದೇನು ಬಂತು ಅಂದಳು ಸಿಂಗಾರಿ. ನೋಡಲಿಲ್ಲ.

ಆಮೇಲೆ ಪೆಟ್ಟಿಗೆಯ ಮೂಲೆಯಲ್ಲಿ ಕೂದಲು ಕೂದಲಾದ ಪುಟ್ಟ ಹುಳುಗಳು ಬಿದ್ದಿದ್ದವು. ಅಲ್ಲಾಡುತ್ತಿರಲಿಲ್ಲ. ಏನಿದ್ದವೋ ಸತ್ತವು, ಪೀಡೆ ಕಳೆಯಿತು ಅಂತ ಅವಳು ನಿಶ್ಚಿಂತಳಾದಳು.

"ಅವು ಹುಳುಗಳಲ್ಲ ಕಣೇ, ಬರೀ ಪೊರೆ," ಅಂದಳು ಗೌರಕ್ಕ. "ನಾನೂ ಪೊರೆ ಬಿಡುವವಳು, ನನಗೆ ಗೊತ್ತು. ಒಳಗಿನವು ಬೆಳೀತಾ ಇವೆ."

ಆಗಲೂ ಆ ಜಂಬಗಾತಿ ಬಗ್ಗಲಿಲ್ಲ!

ಮಾಗಿ ಬಂತು, ನಾಲ್ಕು ಮರಿಯೂ ಆದವು. ಮೂರನೆಯ ದಿನ ಬೆಳಿಗ್ಗೆ ಮನೆಯೊಡತಿ ಕಂಬಳಿ ಎತ್ತಿ ಬಿಡಿಸಿದಳು. ಸಿಂಗಾರಿಯೂ ಮರಿಗಳೂ ಪೆಟ್ಟಿಗೆಯೊಳಗೆ ಉರುಳಿಬಿದ್ದರು. ಕಂಬಳಿ ಜಾಲರಿಯಂತಾಗಿತ್ತು. ಜೀರುಂಡೆ ತಿನ್ನುವುದು ಪರಾಗವಾದರೂ ಅದರ ಮರಿಹುಳುಗಳಿಗೆ ಉಣ್ಣೆಯೇ ಊಟ; ಅವು ಕೆಳಗಿನಿಂದ ತಿನ್ನುತ್ತಾ ಬಂದಿದ್ದವು. ಒಡತಿಗೆ ಕಂಡದ್ದು ಮಾತ್ರ ಇಲಿ.

"ಅಯ್ಯೋ, ಇಲಿ ಕಡಿದುಹಾಕಿದೆ," ಅಂದವಳೇ ಬೆಕ್ಕನ್ನು ಅಟ್ಟಕ್ಕೆ ಬಿಟ್ಟಳು.

ಸಿಂಗಾರಿ ಒಂದು ಎಳೆಯನ್ನೂ ಕಡಿದಿರಲಿಲ್ಲ. ಯಾರಿಗೆ ಹೇಳುವುದು? ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಗೋಡೆಯ ಬಿರುಕಿಗೆ ಓಡಿದಳು. ಮೂರು ಸೇರಿದವು. ನಾಲ್ಕನೆಯದರ ಹತ್ತಿರ ಬೆಕ್ಕು ಬಂದುಬಿಟ್ಟಿತ್ತು. ಸಿಂಗಾರಿ ಬಿರುಕಿನ ಬಾಯಲ್ಲೇ ನಿಂತಳು.

ಗೌರಕ್ಕ ಹಿಂದುಮುಂದು ನೋಡದೆ ತನ್ನ ಬಾಲವನ್ನೇ ಕಳಚಿ ಬೆಕ್ಕಿನ ಮುಂದೆ ಬೀಳಿಸಿದಳು. ಬಾಲ ಪಟಪಟ ಒದ್ದಾಡಿತು. ಬೆಕ್ಕು ಅದರ ಮೇಲೆ ಹಾರಿತು. ಆ ಒಂದು ಗಳಿಗೆಯಲ್ಲಿ ಸಿಂಗಾರಿ ಮರಿಯನ್ನು ಕಚ್ಚಿಕೊಂಡು ಬಂದಳು.

ಬಿರುಕಿನ ಕಲ್ಲು ಕೊರೆಯುತ್ತಿತ್ತು. ಮರಿಗಳು ನಡುಗುತ್ತಿದ್ದವು. ಸಿಂಗಾರಿ ತನ್ನ ಮೈಕೂದಲನ್ನೇ ಕಿತ್ತು ಕಿತ್ತು ಅವುಗಳಿಗೆ ಹಾಸಿದಳು, ಹೊದಿಸಿದಳು. ಮರಿಗಳು ಉಳಿದವು.

"ಗೌರಕ್ಕ, ಒಂದು ಸಲ ಬಗ್ಗಿ ನೋಡೋಕೆ ನನಗೆ ಎಷ್ಟು ಹೊತ್ತು ಬೇಕಿತ್ತು?" ಅಂತ ಅತ್ತಳು. ಬಾಲವಿಲ್ಲದ ಗೌರಕ್ಕ ಅವಳ ಪಕ್ಕದಲ್ಲಿ ಬಂದು ಕೂತಳು.

ನೀತಿ: ನನಗೆಲ್ಲ ಗೊತ್ತು ಎನ್ನುವವರು ಕಣ್ಣೆದುರಿನ ಕೇಡನ್ನೂ ಕಾಣರು, ಎಚ್ಚರಿಸಿದವರ ಮಾತು ಕೇಳಿ ಕೂಡಲೇ ಹೋಗಿ ನೋಡಬೇಕು.