ಹಗುರ ಮಗ್ಗುಲಿನ ಕಲ್ಲು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ವಾತ, ಪಿತ್ತ, ಕಫಗಳ ಲಕ್ಷಣ ಕಲಿತೆ. ಆರು ರಸಗಳ ಗುಣವನ್ನೂ ಕಲಿತೆ. ಮಿತಿಮೀರಿ ಉಂಡವನ ದೇಹ ಯಾವ ಮದ್ದಿನಿಂದ ಸಮಕ್ಕೆ ಬರುತ್ತದೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿಯಿದ್ದ. ಕರಾವಳಿಯ ಉಪ್ಪನ್ನು ಎತ್ತುಗಳ ಬೆನ್ನಿಗೆ ಹೇರಿ ಘಟ್ಟ ಹತ್ತಿಸುವುದು ಅವನ ಕಸುಬು. ಹಲ್ಲು ನೋಡಿಯೇ ಎತ್ತಿನ ವಯಸ್ಸು ಹೇಳುವಷ್ಟು ಚುರುಕು. ನಾಲಗೆಯ ಮುಂದೆ ಮಾತ್ರ ಅವನ ಜಾಣತನ ನಡೆಯುತ್ತಿರಲಿಲ್ಲ. ಹಸಿವಿರಲಿ ಬಿಡಲಿ, ಎಲೆ ಹಾಕಿದರೆ ಕೂತ. ಉಂಡದ್ದು ಅರಗಲೆಂದು ಶುಂಠಿ ಕಷಾಯ. ಅದರ ಉರಿಗೆ ಲಾವಂಚದ ನೀರು. ಹಗಲೆಲ್ಲ ಗೊರಕೆ ಹೊಡೆದವನಿಗೆ ರಾತ್ರಿ ನಿದ್ದೆಯೆಲ್ಲಿಂದ? ಅದಕ್ಕೆ ಜಾಯಿಕಾಯಿ. ಬೆಳಗ್ಗೆ ಮೈ ಏಳದು, ಅದಕ್ಕೆ ಹಿಪ್ಪಲಿ ಚೂರ್ಣ. ಸೊಂಟದ ಸುತ್ತ ನಾಲ್ಕು ಚೀಲ ಕಟ್ಟಿಕೊಂಡು, ಒಂದಕ್ಕೊಂದು ಸರಿತೂಗುತ್ತದೆ ಎಂದು ನೆಮ್ಮದಿಯಾಗಿದ್ದ.

ಒಂದು ವರ್ಷ ಹೊರಡುವ ಕಾಲ ಬಂತು. ಹತ್ತು ಹೆಜ್ಜೆ ಇಟ್ಟರೆ ಏದುಸಿರು. ಘಟ್ಟದ ಹಾದಿಯಲ್ಲಿ ಕುಸಿದವನನ್ನು ಹೊತ್ತು ತರುವವರಿಲ್ಲವೆಂದು ಅವನಿಗೆ ಗೊತ್ತಿತ್ತು. ಹಾಗೆ ಕುಸಿದವರನ್ನು ಅಲ್ಲೇ ಬಿಟ್ಟು ಬಂದದ್ದನ್ನು ಅವನೇ ಕಂಡಿದ್ದ. ಐದನೆಯ ಚೀಲಕ್ಕಾಗಿ ವೈದ್ಯನನ್ನು ಕರೆಸಿದ.

ವೈದ್ಯ ಬಂದಾಗ ಅಂಗಳದಲ್ಲಿ ಹೇರು ಕಟ್ಟುತ್ತಿದ್ದರು. ಒಂದು ಎತ್ತಿನ ಬಲಮಗ್ಗುಲಿಗೆ ಉಪ್ಪು ಹೆಚ್ಚಾಗಿ ಹೇರು ವಾಲಿತು. ವ್ಯಾಪಾರಿಯ ಭಾವಮೈದುನ ಎಡಕ್ಕೊಂದು ಕಲ್ಲು ಕಟ್ಟಿದ.

"ಅಕ್ಕನನ್ನು ಕಳಿಸಿಕೊಡುವಾಗ ನಿನ್ನ ಬುದ್ಧಿಯನ್ನೂ ಗಂಟು ಕಟ್ಟಿ ಕೊಟ್ಟೆಯೇನೋ?" ವ್ಯಾಪಾರಿ ಕೂಗಿದ. "ಭಾರವಾದ ಕಡೆಯಿಂದ ಇಳಿಸೋ! ಕಲ್ಲು ಕಟ್ಟಿದರೆ ಹೇರು ಸಮವಾಗುತ್ತೆ, ಎತ್ತು ಸಾಯುತ್ತೆ."

ವೈದ್ಯ ಅವನ ಸೊಂಟದ ಕಡೆ ನೋಡಿದ. "ಯಜಮಾನರೇ, ಈ ಎತ್ತಿಗೆ ಎಷ್ಟು ಕಲ್ಲು ಕಟ್ಟಿದ್ದೀರಿ?"

ಕೆಟ್ಟ ಸರಕು ಕಂಡರೆ ವ್ಯಾಪಾರಿ ಅದರ ಮೇಲೆ ಮಾತು ಬೆಳೆಸುವವನಲ್ಲ. ಚೀಲಗಳನ್ನು ಬಿಚ್ಚಿ ಜಗಲಿಯ ಮೇಲಿಟ್ಟ. ಅಂದಿನಿಂದ ಹಸಿದಾಗಷ್ಟೇ ಕೂತ, ಇನ್ನೊಂದು ತುತ್ತು ಹಿಡಿಸುವಾಗಲೇ ಎದ್ದ, ಹಗಲು ನಿದ್ದೆ ಬಿಟ್ಟ. ಹೊರಡುವುದು ಒಂದು ತಿಂಗಳು ತಡವಾಯಿತು. ಆದರೆ ಎತ್ತಿನ ಬಾಲ ಹಿಡಿಯದೆ ಘಟ್ಟ ಹತ್ತಿದ.

ಶಿಷ್ಯ ಕೇಳಿದ: "ಕತೆ ಚೆನ್ನಾಗಿದೆ, ಗುರುಗಳೇ. ಮದ್ದು ಯಾವುದೆಂದು ಹೇಳಲಿಲ್ಲವಲ್ಲ?"

"ನೀನಿನ್ನೂ ಕಲ್ಲನ್ನೇ ಹುಡುಕುತ್ತಿದ್ದೀಯಲ್ಲ, ಮಗೂ."